ಮೂರು ಲಕ್ಷ ಕಿ.ಮೀ. ಓಡಿದ ಪಿಕಪ್‌ನ ಮುಂದಿನ ಸಸ್ಪೆನ್ಷನ್: ಪೂರ್ತಿ ಬಿಚ್ಚಿ ಕಟ್ಟಬೇಕೆ, ಸವೆದದ್ದನ್ನಷ್ಟೇ ಬದಲಿಸಬೇಕೆ?

ಶಿರಸಿ_ಪಿಕಪ್:

ಎಲ್ಲರಿಗೂ ನಮಸ್ಕಾರ. ನನ್ನದು 2017ರ ಇಸುಜು ಡಿ-ಮ್ಯಾಕ್ಸ್ ಎಸ್-ಕ್ಯಾಬ್. ಮುಂದೆ ಡಬಲ್ ವಿಶ್‌ಬೋನ್ (ಪ್ರತಿ ಚಕ್ರವನ್ನು ಮೇಲೊಂದು ಕೆಳಗೊಂದು ತೋಳು, ಅಂದರೆ ಆರ್ಮ್, ಹಿಡಿದಿರುವ ಬಗೆ) ಮತ್ತು ಕಾಯಿಲ್ ಸ್ಪ್ರಿಂಗ್, ಹಿಂದೆ ಪಟ್ಟಿ ಸ್ಪ್ರಿಂಗ್. ಓಡಿರುವುದು ಮೂರು ಲಕ್ಷ ಕಿ.ಮೀ. ಹತ್ತಿರ. ಅಡಿಕೆ, ಗೊಬ್ಬರ, ಒಮ್ಮೊಮ್ಮೆ ಚಿರೇಕಲ್ಲು ಹೇರಿಕೊಂಡು ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಿಬರುವುದೇ ಅದರ ದುಡಿಮೆ. ಇಷ್ಟು ವರ್ಷ ಎಂಜಿನ್ ಆಗಲಿ ಗೇರ್‌ಬಾಕ್ಸ್ ಆಗಲಿ ತಕರಾರು ಕೊಟ್ಟಿಲ್ಲ. ಮುಂದಿನ ಸಸ್ಪೆನ್ಷನ್ ಮಾತ್ರ ಈಗ ದಣಿದಿದೆ.

ತೋಟದ ದಾರಿಯಲ್ಲಿ ನಿಧಾನವಾಗಿ ಸಾಗುವಾಗ ಎಡಗಡೆಯ ಮುಂಚಕ್ರದಿಂದ ಕಟಕಟ ಸದ್ದು ಬರುತ್ತದೆ. ಬ್ರೇಕ್ ಒತ್ತಿದ ಕ್ಷಣದಲ್ಲಿ ‘ಡಬ್’ ಎಂದು ಒಂದೇ ಒಂದು ಪೆಟ್ಟು ಕೇಳಿಸುತ್ತದೆ. ವೇಗ 70 ದಾಟಿದ ಮೇಲೆ ಸ್ಟೀರಿಂಗ್ ನೇರ ಹಿಡಿದಿದ್ದರೂ ಗಾಡಿ ಅತ್ತಿತ್ತ ಅಲೆಯುತ್ತದೆ. ಮುಂದಿನ ಎರಡೂ ಟೈರುಗಳ ಒಳ ಅಂಚು ಸವೆದು ನುಣ್ಣಗಾಗಿದೆ, ಹೊರ ಅಂಚಿನಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಟ್ರೆಡ್ ಉಳಿದಿದೆ. ಅಲೈನ್‌ಮೆಂಟ್ ಮಾಡಿಸಿದರೆ ಕೆಲವು ವಾರ ಸರಿಯಿದ್ದು ಮತ್ತೆ ಹಳೆಯ ಕಥೆಯೇ ಆಗುತ್ತಿದೆ.

ಒಬ್ಬ ಮೇಸ್ತ್ರಿ, ಆರ್ಮ್‌ನಿಂದ ಹಿಡಿದು ಸ್ಪ್ರಿಂಗ್‌ವರೆಗೆ ಎಲ್ಲವನ್ನೂ ಬದಲಿಸಿ ಎನ್ನುತ್ತಾರೆ. ಇನ್ನೊಬ್ಬರು, ಸ್ಟೆಬಿಲೈಸರ್ ಲಿಂಕ್ (ಗಾಡಿ ವಾಲದಂತೆ ತಡೆಯುವ ಬಾರನ್ನು ಚಕ್ರದ ಕಡೆಗೆ ಜೋಡಿಸುವ ಕೊಂಡಿ) ಮತ್ತು ಟೈ ರಾಡ್ ಎಂಡ್ (ಸ್ಟೀರಿಂಗ್ ರಾಡಿನ ತುದಿಯ ಕೀಲು) ಹಾಕಿ ಓಡಿಸಿ, ಉಳಿದದ್ದನ್ನು ಆಮೇಲೆ ನೋಡೋಣ ಎನ್ನುತ್ತಾರೆ. ಇಬ್ಬರೂ ಗಾಡಿಯನ್ನು ಎತ್ತಿ ನೋಡಲಿಲ್ಲ. ಖರ್ಚು ಮಾಡುವುದಕ್ಕೆ ಹಿಂಜರಿಕೆಯಿಲ್ಲ, ಆದರೆ ಯಾವುದಕ್ಕೆ ಎಂದು ತಿಳಿದು ಮಾಡಬೇಕೆಂಬ ಆಸೆ. ಹೆಚ್ಚಿನ ಕೆಲಸವನ್ನು ಮನೆಯ ಅಂಗಳದಲ್ಲೇ ಮಾಡಿಕೊಳ್ಳಬಲ್ಲೆ. ಪ್ರೆಸ್ ಕೆಲಸ ಬಂದರೆ ಲೇತ್‌ಗೆ ಒಯ್ಯಬಹುದು.

ಲೇತ್‌ಮನೆ_ಹುಬ್ಬಳ್ಳಿ:

ನಮಸ್ಕಾರ. ಇಬ್ಬರು ಮೇಸ್ತ್ರಿಗಳಲ್ಲಿ ಯಾರ ಮಾತು ಸರಿ ಎಂದು ಚಕ್ರ ಎತ್ತುವ ಮೊದಲು ಹೇಳಲಾಗದು. ಬಿಡಿಭಾಗ ತರುವುದಕ್ಕೆ ಮುಂಚೆ ಒಂದು ಬೆಳಗ್ಗೆಯನ್ನು ಪರೀಕ್ಷೆಗೆ ಕೊಡಿ. ಬೇಕಾದದ್ದು ಒಂದು ಉದ್ದನೆಯ ಹಾರೆ, ಟಾರ್ಚ್, ಅಳತೆ ಟೇಪು ಮತ್ತು ಹೇಳಿದಂತೆ ಮಾಡುವ ಒಬ್ಬ ಸಹಾಯಕ.

ಮೊದಲು ಗಾಡಿ ತನ್ನ ಭಾರದಲ್ಲಿ ನೆಲದ ಮೇಲೆಯೇ ನಿಂತಿರಲಿ. ಎಂಜಿನ್ ಚಾಲೂ ಇಟ್ಟು, ಸಹಾಯಕರಿಗೆ ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪವೇ, ಬೇಗಬೇಗ ತಿರುಗಿಸುತ್ತಿರಲು ಹೇಳಿ. ಗೇರ್ ನ್ಯೂಟ್ರಲ್‌ನಲ್ಲಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ತಡೆ ಕೊಟ್ಟ ಮೇಲೆ ಮಾತ್ರ ಇದನ್ನು ಮಾಡಿ. ನೀವು ಕೆಳಗೆ ಕುಳಿತು ಟೈ ರಾಡ್ ಎಂಡ್‌ನ ಮೇಲೆ ಬೆರಳಿಡಿ. ರಾಡು ಚಲಿಸಿದ ಮೇಲೆ ಒಂದು ಕ್ಷಣ ತಡೆದು ನಕಲ್ (ಚಕ್ರದ ಹಬ್ ಕೂತಿರುವ ಭಾಗ) ಚಲಿಸಿದರೆ ಆ ಕೀಲಿನಲ್ಲಿ ಆಟ, ಅಂದರೆ ಸಡಿಲ, ಇದೆ ಎಂದರ್ಥ. ರ‍್ಯಾಕ್‌ನ ರಬ್ಬರ್ ಬೆಲ್ಲೋಸ್ ಅನ್ನು (ಸ್ಟೀರಿಂಗ್ ಪೆಟ್ಟಿಗೆಯ ತುದಿಯ ನೆರಿಗೆ ಚೀಲ) ಅಮುಕಿ ಹಿಡಿದರೆ ಒಳಗಿನ ರ‍್ಯಾಕ್ ಎಂಡ್‌ನ ಆಟವೂ ಕೈಗೆ ಸಿಗುತ್ತದೆ. ಭಾರ ಚಕ್ರದ ಮೇಲೆಯೇ ಇರುವುದರಿಂದ, ಎತ್ತಿದಾಗ ಅಡಗಿಕೊಳ್ಳುವ ಸಡಿಲವೂ ಇಲ್ಲಿ ಬಯಲಾಗುತ್ತದೆ.

ಆಮೇಲೆ ಎತ್ತುವ ಪರೀಕ್ಷೆ. ಹೆಚ್ಚಿನವರು ಎಡವುವ ಜಾಗ ಇದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಗಾಡಿಯಲ್ಲಿ ಸ್ಪ್ರಿಂಗಿನ ಭಾರ ಕೂರುವುದು ಲೋವರ್ ಆರ್ಮ್ ಮೇಲೆ. ಆದ್ದರಿಂದ ಮುಂಭಾಗದ ಭಾರವನ್ನು ಹೊರುವ ಕೀಲು ಲೋವರ್ ಬಾಲ್ ಜಾಯಿಂಟ್ (ಕೆಳಗಿನ ಆರ್ಮ್ ಮತ್ತು ನಕಲ್ ನಡುವೆ, ಬಟ್ಟಲಿನೊಳಗೆ ಗುಂಡು ತಿರುಗುವ ಕೀಲು). ಛಾಸಿಗೆ ಜಾಕ್ ಕೊಟ್ಟು ಎತ್ತಿದರೆ ಆರ್ಮ್ ಕೆಳಕ್ಕೆ ಜೋತುಬಿದ್ದು, ಸ್ಪ್ರಿಂಗಿನ ಒತ್ತಡ ಕೀಲನ್ನು ಒಂದೇ ಪಕ್ಕಕ್ಕೆ ಒತ್ತಿ ಹಿಡಿದಿರುತ್ತದೆ. ಆಗ ಚಕ್ರವನ್ನು ಎಷ್ಟು ಅಲುಗಾಡಿಸಿದರೂ ‘ಗಟ್ಟಿಯಿದೆ’ ಎಂದೇ ಅನ್ನಿಸುತ್ತದೆ. ಜಾಕನ್ನು ಲೋವರ್ ಆರ್ಮ್‌ನ ಕೆಳಗೇ, ಬಾಲ್ ಜಾಯಿಂಟ್‌ಗೆ ಆದಷ್ಟು ಹತ್ತಿರ ಕೊಟ್ಟು, ಟೈರು ನೆಲದಿಂದ ಎರಡು ಬೆರಳು ಮೇಲೇಳುವಂತೆ ಎತ್ತಿ. ಜಾರದಂತೆ ಛಾಸಿಯ ಕೆಳಗೆ ಸ್ಟ್ಯಾಂಡ್ ಇರಲಿ. ಈಗ ಟೈರಿನ ಅಡಿಗೆ ಹಾರೆ ತೂರಿಸಿ ಮೇಲಕ್ಕೆ ಎತ್ತಿ ಬಿಡಿ. ಆರ್ಮ್ ಅಲುಗದೆ ನಕಲ್ ಮಾತ್ರ ಮೇಲೆ ಕೆಳಗೆ ಚಲಿಸಿದರೆ ಬಾಲ್ ಜಾಯಿಂಟ್ ಸವೆದಿದೆ. ಡಯಲ್ ಗೇಜ್ ಇದ್ದರೆ ಅಂಕಿಯಲ್ಲೇ ಬರೆದುಕೊಳ್ಳಿ.

ಅದೇ ಸ್ಥಿತಿಯಲ್ಲಿ ಟೈರನ್ನು ಮೇಲೂ ಕೆಳಗೂ ಹಿಡಿದು ಅಲುಗಾಡಿಸಿ. ಆಟ ಕಂಡರೆ ಸಹಾಯಕರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಬ್ರೇಕ್ ಒತ್ತಿದಾಗ ಆಟ ಮಾಯವಾದರೆ ದೋಷ ಹಬ್ ಬೇರಿಂಗ್‌ನದು. ಉಳಿದರೆ ಬಾಲ್ ಜಾಯಿಂಟ್ ಅಥವಾ ಆರ್ಮ್ ಛಾಸಿಗೆ ಸೇರುವಲ್ಲಿನ ರಬ್ಬರ್ ಕೀಲಾದ ಬುಷ್‌ನದು. ಬೇರಿಂಗ್‌ಗೆ ಹಾಕಬೇಕಾದ ದುಡ್ಡನ್ನು ಬಾಲ್ ಜಾಯಿಂಟ್‌ಗೆ ಹಾಕಿ ಬಂದವರನ್ನು ನಮ್ಮ ಗ್ಯಾರೇಜಿನಲ್ಲಿ ಆಗಾಗ ನೋಡುತ್ತೇನೆ.

ಬುಷ್‌ಗಳಿಗೆ ಹಾರೆ ಹಾಕಿ ಆರ್ಮನ್ನು ಹಿಂದೆ ಮುಂದೆ ದೂಡಿ ನೋಡಿ. ಬ್ರೇಕ್ ಒತ್ತಿದಾಗ ಬರುವ ಒಂದೇ ಪೆಟ್ಟಿನ ಸದ್ದಿಗೆ, ನನ್ನ ಊಹೆಯಲ್ಲಿ, ಲೋವರ್ ಆರ್ಮ್‌ನ ಬುಷ್ ಕಾರಣ. ರಬ್ಬರ್ ಹರಿದಿದ್ದರೆ ಬ್ರೇಕ್‌ನ ಬಲಕ್ಕೆ ಇಡೀ ಆರ್ಮ್ ಹಿಂದಕ್ಕೆ ಸರಿದು ಕಬ್ಬಿಣಕ್ಕೆ ಬಡಿಯುತ್ತದೆ. ಕಟಕಟ ಸದ್ದು ಬಹುಪಾಲು ಸ್ಟೆಬಿಲೈಸರ್ ಲಿಂಕ್‌ನದು. ಅದನ್ನು ಖಚಿತಪಡಿಸಿಕೊಳ್ಳಲು ಎರಡೂ ಬದಿಯ ಲಿಂಕ್ ಕಳಚಿ, ಬಾರನ್ನು ಮೇಲಕ್ಕೆ ಕಟ್ಟಿ, ಅದೇ ತೋಟದ ದಾರಿಯಲ್ಲಿ ನಿಧಾನವಾಗಿ ಸ್ವಲ್ಪ ದೂರ ಹೋಗಿಬನ್ನಿ. ಘಟ್ಟಕ್ಕೆ ಮಾತ್ರ ಆ ಸ್ಥಿತಿಯಲ್ಲಿ ಒಯ್ಯಬೇಡಿ.

ಅಲೈನ್‌ಮೆಂಟ್_ದಾವಣಗೆರೆ:

ಅಲೈನ್‌ಮೆಂಟ್ ಉಳಿಯದಿರುವುದಕ್ಕೆ ಕಾರಣ ಯಂತ್ರವೂ ಅಲ್ಲ, ಅದನ್ನು ನಡೆಸಿದ ಹುಡುಗನೂ ಅಲ್ಲ ಎಂದು ನನ್ನ ಅನಿಸಿಕೆ. ನಿಂತ ಗಾಡಿಯಲ್ಲಿ ಅಳೆದ ಕೋನ, ಓಡುವ ಗಾಡಿಯಲ್ಲಿ ಇರುವ ಕೋನ ಆಗಬೇಕಾದರೆ ಕೀಲುಗಳಲ್ಲಿ ಆಟ ಇರಬಾರದು. ಹಿಂಚಕ್ರ ತಳ್ಳುವ ಗಾಡಿಯಲ್ಲಿ ಮುಂಚಕ್ರಗಳನ್ನು ರಸ್ತೆಯ ಪ್ರತಿರೋಧ ಹಿಂದಕ್ಕೆ ಒತ್ತುತ್ತಿರುತ್ತದೆ. ಬುಷ್ ಮತ್ತು ಟೈ ರಾಡ್ ಎಂಡ್ ಸಡಿಲವಾಗಿದ್ದರೆ ಓಡುವಾಗ ಚಕ್ರಗಳ ಮುಂದಂಚು ಹೊರಕ್ಕೆ ತೆರೆದುಕೊಳ್ಳುತ್ತದೆ, ಬ್ರೇಕ್ ಒತ್ತಿದಾಗ ಇನ್ನೂ ಹೆಚ್ಚು. ಯಂತ್ರದ ಪರದೆಯ ಮೇಲೆ ಎಲ್ಲವೂ ಹಸಿರು ಕಾಣಿಸಿದರೂ ರಸ್ತೆಯಲ್ಲಿ ಟೈರಿನ ಒಳ ಅಂಚು ಉಜ್ಜಿಹೋಗುವುದು ಹೀಗೆ.

ಎಷ್ಟು ಉಜ್ಜುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಟೈರಿನ ವ್ಯಾಸ ಸುಮಾರು 700 ಮಿ.ಮೀ. ಎಂದು ಹಿಡಿಯೋಣ. ಎರಡು ಚಕ್ರಗಳ ಮುಂದಂಚಿನ ಅಂತರಕ್ಕೂ ಹಿಂದಂಚಿನ ಅಂತರಕ್ಕೂ 5 ಮಿ.ಮೀ. ವ್ಯತ್ಯಾಸವಿದ್ದರೆ ಒಂದೊಂದು ಚಕ್ರದ ಪಾಲಿಗೆ 2.5 ಮಿ.ಮೀ. ಬರುತ್ತದೆ. 700ಕ್ಕೆ 2.5 ಎಂದರೆ ಪ್ರತಿ ಕಿಲೋಮೀಟರಿಗೆ ಆ ಟೈರು ಸುಮಾರು ಮೂರೂವರೆ ಮೀಟರಿನಷ್ಟು ಅಡ್ಡಡ್ಡ ಎಳೆಯಲ್ಪಡುತ್ತದೆ. ಭಾರ ಹೊತ್ತ ಟೈರು ಡಾಂಬರಿನ ಮೇಲೆ ಹಾಗೆ ಎಳೆಯಲ್ಪಟ್ಟರೆ ಎಷ್ಟು ದಿನ ಉಳಿದೀತು?

ಇನ್ನೊಂದು ಅಳತೆ ತೆಗೆದುಕೊಳ್ಳಿ. ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ಹಬ್‌ನ ನಡುವಿನಿಂದ ಮಡ್‌ಗಾರ್ಡ್‌ನ ಅಂಚಿನವರೆಗೆ ಎರಡೂ ಬದಿ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಗಾಳಿ ಮತ್ತು ಸವೆತ ಲೆಕ್ಕವನ್ನು ಕೆಡಿಸುತ್ತವೆ. ಸ್ಪ್ರಿಂಗ್ ಕುಗ್ಗಿ ಮುಂಭಾಗ ತಗ್ಗಿದ್ದರೆ ಈ ಬಗೆಯ ಸಸ್ಪೆನ್ಷನ್‌ನಲ್ಲಿ ಚಕ್ರದ ತಲೆ ಒಳಕ್ಕೆ ವಾಲುತ್ತದೆ. ಅದೂ ಒಳ ಅಂಚನ್ನೇ ತಿನ್ನುತ್ತದೆ.

ಟೆಕ್ಸಾಸ್_ಕನ್ನಡಿಗ:

ಲೇತ್‌ಮನೆಯವರು ಹೇಳಿದ ಲೋವರ್ ಬಾಲ್ ಜಾಯಿಂಟ್ ಪರೀಕ್ಷೆಯನ್ನು ದಯವಿಟ್ಟು ತಪ್ಪಿಸಬೇಡಿ. ನಾನು ಇಲ್ಲಿ ಬಳಸುತ್ತಿರುವುದು ಮೊದಲ ತಲೆಮಾರಿನ ಟೊಯೋಟಾ ಟಕೋಮಾ. ಆ ಗಾಡಿಗಳನ್ನು ಬಲ್ಲವರಿಗೆಲ್ಲ ಲೋವರ್ ಬಾಲ್ ಜಾಯಿಂಟ್ ಎಂದರೆ ಕಿವಿ ನೆಟ್ಟಗಾಗುತ್ತದೆ. 2005ರಲ್ಲಿ ಟೊಯೋಟಾ ಸಂಸ್ಥೆ ಅಮೆರಿಕದಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಪಿಕಪ್ ಮತ್ತು ಎಸ್‌ಯುವಿಗಳನ್ನು ಇದೇ ಕೀಲಿನ ಪರಿಶೀಲನೆಗಾಗಿ ಹಿಂದಕ್ಕೆ ಕರೆದಿತ್ತು. ತಯಾರಿಕೆಯ ವೇಳೆ ಕೆಲವು ಕೀಲುಗಳ ಗುಂಡಿನ ಮೇಲ್ಮೈಗೆ ಗೀರು ಬಿದ್ದಿರಬಹುದು, ಅದರಿಂದ ಬೇಗ ಸವೆದು ಸಡಿಲವಾಗಬಹುದು ಎಂಬುದು ಆಗ ಕೊಟ್ಟ ಕಾರಣ.

ನಮ್ಮ ಗಾಡಿಗಳಲ್ಲಿ ಆ ಕೀಲು ಗಾಡಿಯ ಭಾರದಿಂದ ಎಳೆತಕ್ಕೆ ಒಳಗಾಗುವಂತೆ ಜೋಡಣೆಯಾಗಿದೆ, ಅಂದರೆ ಭಾರವೇ ಗುಂಡನ್ನು ಬಟ್ಟಲಿನಿಂದ ಹೊರಕ್ಕೆ ಎಳೆಯಲು ನೋಡುತ್ತದೆ. ಒತ್ತಡದಲ್ಲಿರುವ ಕೀಲು ಸವೆದರೆ ಸದ್ದು ಮಾಡುತ್ತಾ ಉಳಿಯುತ್ತದೆ. ಎಳೆತದಲ್ಲಿರುವುದು ಮಿತಿಮೀರಿ ಸವೆದರೆ ಒಮ್ಮೆಲೇ ಕಳಚಿಕೊಂಡು ಚಕ್ರ ಮಡ್‌ಗಾರ್ಡ್‌ನೊಳಕ್ಕೆ ಮಡಚಿಕೊಳ್ಳುತ್ತದೆ. ನಿಮ್ಮ ಗಾಡಿಯಲ್ಲಿ ಯಾವ ಬಗೆ ಎಂಬುದನ್ನು ಕೆಳಗೆ ಮಲಗಿ ನೋಡಿದರೆ ತಿಳಿಯುತ್ತದೆ. ಇಲ್ಲಿ ಅನೇಕರು ಆಟವಿರಲಿ ಬಿಡಲಿ, ಮೈಲಿ ಲೆಕ್ಕ ಹಿಡಿದು ಅದನ್ನು ಬದಲಿಸಿಬಿಡುತ್ತಾರೆ. ಟಕೋಮಾದಲ್ಲಿ ಅದನ್ನು ನಕಲ್‌ಗೆ ಹಿಡಿದಿರುವುದು ನಾಲ್ಕು ಬೋಲ್ಟು, ಮತ್ತು ಹೊಸ ಕೀಲಿನ ಜೊತೆ ಬೋಲ್ಟುಗಳನ್ನೂ ಹೊಸದಾಗಿ ಹಾಕುವುದು ಇಲ್ಲಿನವರ ರೂಢಿ.

ಇದೊಂದೇ ಭಾಗದಲ್ಲಿ ನಾನು ಅಗ್ಗದ ಬದಲಿ ಸಾಮಾನನ್ನು ಒಪ್ಪುವುದಿಲ್ಲ.

ಲೇತ್‌ಮನೆ_ಹುಬ್ಬಳ್ಳಿ:

ಟೆಕ್ಸಾಸ್‌ನವರ ಮಾತಿಗೆ ನನ್ನದೂ ಸಹಿ. ಅದಕ್ಕೆ ಒಂದು ಸೇರಿಸುತ್ತೇನೆ. ಹಳೆಯ ಬಾಲ್ ಜಾಯಿಂಟ್‌ನ ತಳ ತೆರೆದು, ಒಳಗೆ ಹೊಸ ಪ್ಲಾಸ್ಟಿಕ್ ಬಟ್ಟಲು ಕೂರಿಸಿ, ಮತ್ತೆ ಬೆಸುಗೆ ಹಾಕಿಕೊಡುವವರು ನಮ್ಮಲ್ಲಿ ಇದ್ದಾರೆ. ಕೈಗೆ ಹೊಸದರಷ್ಟೇ ಬಿಗಿಯಾಗಿ ಕಾಣುತ್ತದೆ. ಆದರೆ ಬೆಸುಗೆಯ ಕಾವು ಒಳಗಿನ ಪ್ಲಾಸ್ಟಿಕ್ ಮತ್ತು ಗ್ರೀಸ್ ಎರಡನ್ನೂ ಕೆಡಿಸಿರುತ್ತದೆ, ಗುಂಡಿನ ಸವೆತ ಹಾಗೆಯೇ ಇರುತ್ತದೆ. ಭಾರ ಹೊರುವ ಕೀಲಿಗೆ ಆ ಕೆಲಸ ಬೇಡವೇ ಬೇಡ.

ಶಿರಸಿ_ಪಿಕಪ್:

ಎಲ್ಲರಿಗೂ ಧನ್ಯವಾದ. ಹೇಳಿದ ಕ್ರಮದಲ್ಲೇ ನೋಡಿದೆ. ಫಲಿತಾಂಶ ಹೀಗಿದೆ.

ಎಡಗಡೆಯ ಲೋವರ್ ಬಾಲ್ ಜಾಯಿಂಟ್‌ನಲ್ಲಿ, ಆರ್ಮ್ ಕೆಳಗೆ ಜಾಕ್ ಕೊಟ್ಟು ಹಾರೆಯಿಂದ ಎತ್ತಿದಾಗ, ಆಟ ಕಣ್ಣಿಗೇ ಕಾಣಿಸಿತು. ಛಾಸಿಗೆ ಜಾಕ್ ಕೊಟ್ಟು ನೋಡಿದಾಗ ಅದೇ ಕೀಲು ನಿಜಕ್ಕೂ ಗಟ್ಟಿಯಾಗಿತ್ತು. ಬಲಗಡೆಯದರಲ್ಲಿ ಆಟ ಬಹಳ ಕಡಿಮೆ, ಆದರೆ ರಬ್ಬರ್ ಟೊಪ್ಪಿ ಹರಿದು ಒಳಗೆ ಕೆಂಪು ಮಣ್ಣು ಸೇರಿದೆ. ಎರಡೂ ಅಪ್ಪರ್ ಬಾಲ್ ಜಾಯಿಂಟ್‌ಗಳು ಸರಿಯಿವೆ. ಲೋವರ್ ಆರ್ಮ್‌ನ ಹಿಂದಿನ ಬುಷ್‌ಗಳು ಎರಡೂ ಬದಿ ಹರಿದಿವೆ. ಮುಂದಿನವು ಬಿರುಕು ಬಿಟ್ಟಿವೆ. ಅಪ್ಪರ್ ಆರ್ಮ್ ಬುಷ್‌ಗಳಲ್ಲಿ ಬಿರುಕು ಇದೆ, ಆಟ ಇಲ್ಲ. ಲಿಂಕ್ ಕಳಚಿ ಓಡಿಸಿದಾಗ ಕಟಕಟ ನಿಂತಿತು. ಎಡಗಡೆಯ ಟೈ ರಾಡ್ ಎಂಡ್ ಸಡಿಲ; ರ‍್ಯಾಕ್ ಎಂಡ್‌ಗಳು ಮತ್ತು ಹಬ್ ಬೇರಿಂಗ್‌ಗಳು ಚೆನ್ನಾಗಿವೆ. ಶಾಕ್ ಅಬ್ಸಾರ್ಬರ್‌ಗಳಲ್ಲಿ ಒಂದು ಎಣ್ಣೆ ಸೋರಿ ಒದ್ದೆಯಾಗಿದೆ. ಆರ್ಮ್ ಮೇಲಕ್ಕೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ರಬ್ಬರ್ ಎಡಗಡೆ ಇಲ್ಲವೇ ಇಲ್ಲ. ಹಬ್‌ನಿಂದ ಮಡ್‌ಗಾರ್ಡ್‌ವರೆಗಿನ ಅಳತೆಯಲ್ಲಿ ಎಡಗಡೆ ಸುಮಾರು 12 ಮಿ.ಮೀ. ತಗ್ಗು.

ಎಡಗಡೆಯೇ ಹೆಚ್ಚು ಸವೆದಿರುವುದಕ್ಕೆ ನಮ್ಮ ರಸ್ತೆಗಳು ಕಾರಣ ಇರಬೇಕು. ಎದುರಿನಿಂದ ಬಸ್ಸು ಬಂದಾಗಲೆಲ್ಲ ಎಡಚಕ್ರವನ್ನು ಡಾಂಬರಿನ ಅಂಚಿನಿಂದ ಕೆಳಗಿಳಿಸಿ ಮತ್ತೆ ಹತ್ತಿಸಬೇಕಾಗುತ್ತದೆ. ಮಳೆಗಾಲ ಮುಗಿದ ಮೇಲೆ ಆ ಅಂಚು ಒಂದು ಮೆಟ್ಟಿಲಿನಷ್ಟು ಎತ್ತರ ಇರುತ್ತದೆ.

ಈಗ ಪ್ರಶ್ನೆ: ಲೋವರ್ ಆರ್ಮ್‌ಗಳನ್ನು ಬುಷ್ ಮತ್ತು ಬಾಲ್ ಜಾಯಿಂಟ್ ಸಮೇತ ಹೊಸದಾಗಿ ತರಬೇಕೆ, ಇಲ್ಲವೇ ಹಳೆಯ ಆರ್ಮ್‌ಗೆ ಬುಷ್ ಹೊಡೆಸಬೇಕೆ? ಪಾಲಿಯುರಿಥೇನ್ ಬುಷ್ ಹಾಕಿ, ಆಯುಷ್ಯ ಪೂರ್ತಿ ಬರುತ್ತದೆ ಎಂದು ಪರಿಚಯದವರೊಬ್ಬರು ಹೇಳುತ್ತಿದ್ದಾರೆ.

ಕರಾವಳಿ_ಡೀಸೆಲ್:

ಪಾಲಿಯುರಿಥೇನ್ ಬಗ್ಗೆ ನನ್ನ ಅನುಭವ ಮಿಶ್ರವಾದದ್ದು. ರಬ್ಬರ್ ಬುಷ್‌ನಲ್ಲಿ ಒಳಗಿನ ಕೊಳವೆ ಬೋಲ್ಟಿಗೆ ಬಿಗಿಯಾಗಿ ಅಂಟಿ ನಿಲ್ಲುತ್ತದೆ, ಆರ್ಮ್ ಮೇಲೆ ಕೆಳಗೆ ಆಡಿದಾಗ ರಬ್ಬರೇ ತಿರುಚಿಕೊಂಡು ಮತ್ತೆ ಮರಳುತ್ತದೆ. ಪಾಲಿಯಲ್ಲಿ ಕೊಳವೆಯ ಮೇಲೆ ಬುಷ್ ಉಜ್ಜಿಕೊಂಡು ತಿರುಗುತ್ತದೆ. ಅದಕ್ಕೆ ಸಿಲಿಕೋನ್ ಗ್ರೀಸ್ ಬೇಕು. ನಮ್ಮ ಮಳೆ ಮತ್ತು ಕೆಸರಿನಲ್ಲಿ ಆ ಗ್ರೀಸ್ ತೊಳೆದುಹೋದ ಮೇಲೆ ಕೀರಲು ಸದ್ದು ಶುರುವಾಗುತ್ತದೆ, ರಸ್ತೆಯ ಸಣ್ಣ ನಡುಕವೂ ಸ್ಟೀರಿಂಗಿಗೆ ಬರುತ್ತದೆ. ಸ್ಪರ್ಧೆಗೆ ಇಳಿಯುವ ಗಾಡಿಗೆ ಸರಿ, ದಿನವೂ ಅಡಿಕೆ ಹೊರುವ ಗಾಡಿಗೆ ನನ್ನ ಮತ ರಬ್ಬರಿಗೇ.

ನಾನು ಮುಖ್ಯವಾಗಿ ಬರೆಯಬೇಕೆಂದುಕೊಂಡದ್ದು ಬೋಲ್ಟುಗಳ ವಿಚಾರ. ಕುಮಟಾ, ಹೊನ್ನಾವರ ಕಡೆ ಓಡಾಡುವ ಗಾಡಿಗೆ ಸಮುದ್ರದ ಉಪ್ಪುಗಾಳಿ ತಾಗಿಯೇ ಇರುತ್ತದೆ. ಲೋವರ್ ಆರ್ಮ್‌ನ ಒಳತುದಿಯ ಬೋಲ್ಟು ಬುಷ್‌ನ ಕೊಳವೆಗೆ ತುಕ್ಕಿನಿಂದ ಬೆಸೆದುಕೊಂಡಿರುತ್ತದೆ. ನಟ್ ಬಿಚ್ಚಿಬರುತ್ತದೆ, ಬೋಲ್ಟ್ ಮಾತ್ರ ರಬ್ಬರಿನ ಜೊತೆ ಸುಮ್ಮನೆ ಅತ್ತಿತ್ತ ತಿರುಗುತ್ತದೆ. ಕ್ಯಾಮ್ ಬೋಲ್ಟ್ (ತಿರುಗಿಸಿ ಚಕ್ರದ ಕೋನ ಹೊಂದಿಸುವ ಬೋಲ್ಟು) ಇರುವ ಗಾಡಿಯಾದರೆ ಅದನ್ನು ಸುತ್ತಿಗೆಯಿಂದ ಬಡಿದರೆ ಬೋಲ್ಟು ಕೂರುವ ಛಾಸಿಯ ಕಿವಿಯೇ ಸೊಟ್ಟಗಾಗುತ್ತದೆ. ಕೆಲಸಕ್ಕೆ ಕೆಲವು ದಿನ ಮುಂಚಿನಿಂದಲೇ ತುಕ್ಕು ಬಿಡಿಸುವ ಎಣ್ಣೆ ಹಾಕುತ್ತಾ ಬನ್ನಿ. ಹೊಸ ಬೋಲ್ಟು, ನಟ್ಟು, ಕ್ಯಾಮ್ ತಟ್ಟೆಗಳನ್ನು ಮೊದಲೇ ತಂದಿಟ್ಟುಕೊಳ್ಳಿ. ಕೊನೆಗೆ ಬರದಿದ್ದರೆ ಆರ್ಮ್ ಮತ್ತು ಕಿವಿಯ ನಡುವಿನ ಸಂದಿಯಲ್ಲಿ ಕತ್ತರಿಸುವುದೇ ದಾರಿ. ಬೋಲ್ಟು ಮನೆಯಲ್ಲಿಲ್ಲದೆ ಕತ್ತರಿಸಿದರೆ ಗಾಡಿ ಅಂಗಳದಲ್ಲೇ ವಾರಗಟ್ಟಲೆ ಕೂರುತ್ತದೆ.

ಲೇತ್‌ಮನೆ_ಹುಬ್ಬಳ್ಳಿ:

ನಿಮ್ಮ ಪಟ್ಟಿ ನೋಡಿದರೆ ‘ಎಲ್ಲವನ್ನೂ ಬದಲಿಸಿ’ ಎಂದವರೂ ‘ಲಿಂಕ್ ಸಾಕು’ ಎಂದವರೂ ಅರ್ಧರ್ಧ ಸರಿ. ಲೋವರ್ ಆರ್ಮ್‌ನ ಬುಷ್‌ಗಳು ಮತ್ತು ಬಾಲ್ ಜಾಯಿಂಟ್ ಎರಡೂ ಹೋಗಿರುವುದರಿಂದ ಎರಡೂ ಬದಿ ಪೂರ್ತಿ ಲೋವರ್ ಆರ್ಮ್ ತರುವುದು ಲೆಕ್ಕಕ್ಕೂ ಹೊಂದುತ್ತದೆ. ಬುಷ್ ಹೊಡೆಯುವ ಕೂಲಿ, ಬುಷ್‌ನ ಬೆಲೆ, ಬಾಲ್ ಜಾಯಿಂಟ್‌ನ ಬೆಲೆ ಕೂಡಿದರೆ ಹೊಸ ಆರ್ಮ್‌ನ ಹತ್ತಿರ ಹೋಗುತ್ತದೆ. ಬಿಡಿಭಾಗಕ್ಕಾಗಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವುದಾದರೆ ಹಳೆಯ ಭಾಗದ ಫೋಟೋ ಮತ್ತು ಛಾಸಿ ನಂಬರ್ ಒಯ್ಯಿರಿ. ಹೊರಗಿನಿಂದ ಒಂದೇ ಥರ ಕಾಣುವ ಆರ್ಮ್‌ಗಳಲ್ಲಿ ಬುಷ್‌ನ ಅಗಲ ಬೇರೆ ಇರುತ್ತದೆ.

ಹೊಸ ಆರ್ಮ್ ಸಿಗದೆ ಬುಷ್ ಹೊಡೆಸಲೇಬೇಕಾದರೆ ಲೇತ್‌ನವರಿಗೆ ಮೂರು ಮಾತು ಹೇಳಿ. ಪ್ರೆಸ್‌ನ ಬಲ ಬುಷ್‌ನ ಹೊರಗಿನ ಕಬ್ಬಿಣದ ಕವಚದ ಮೇಲೆ ಬೀಳಬೇಕು, ರಬ್ಬರಿನ ಮೇಲೆ ಅಲ್ಲ. ಆರ್ಮ್‌ನ ಕಣ್ಣು ಚಪ್ಪಟೆಯಾಗದಂತೆ ಒಳಗಿನಿಂದ ಆಧಾರ ಕೊಡಬೇಕು. ಟೊಳ್ಳು ಬಿಟ್ಟಿರುವ ಬುಷ್ ಆದರೆ ಆ ಟೊಳ್ಳು ಹಳೆಯದರಲ್ಲಿ ಯಾವ ದಿಕ್ಕಿಗಿತ್ತೋ ಅದೇ ದಿಕ್ಕಿಗೆ ಬರಬೇಕು, ಇದಕ್ಕಾಗಿ ತೆಗೆಯುವ ಮುಂಚೆಯೇ ಗುರುತು ಹಾಕಿಸಿ. ಜಾರಲು ಸೋಪಿನ ನೀರು ಸಾಕು, ಎಂಜಿನ್ ಆಯಿಲ್ ರಬ್ಬರನ್ನು ತಿನ್ನುತ್ತದೆ.

ಅಪ್ಪರ್ ಆರ್ಮ್‌ಗಳನ್ನು ಈಗ ಬಿಡಬಹುದು. ಬಿರುಕು ಬಿಟ್ಟರೂ ಆಟವಿಲ್ಲದ ಬುಷ್ ಇನ್ನೂ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಇದನ್ನು ಒಪ್ಪದವರು ಇರಬಹುದು.

ಅಲೈನ್‌ಮೆಂಟ್_ದಾವಣಗೆರೆ:

ನಾನು ಒಪ್ಪುವುದಿಲ್ಲ ಸರ್. ಲೋವರ್ ಆರ್ಮ್ ಬಿಚ್ಚಿದಾಗ ಅಪ್ಪರ್ ಆರ್ಮ್ ಕೈಗೆಟುಕುವ ಹಾಗೆ ಮತ್ತೆ ಎಂದೂ ಎಟುಕುವುದಿಲ್ಲ. ಒಂದು ವರ್ಷದಲ್ಲಿ ಅವು ಹರಿದರೆ ಮತ್ತೊಮ್ಮೆ ಬಿಚ್ಚುವ ಕೂಲಿ ಮತ್ತು ಮತ್ತೊಂದು ಅಲೈನ್‌ಮೆಂಟ್ ಎರಡೂ ಬೀಳುತ್ತವೆ.

ಲೇತ್‌ಮನೆ_ಹುಬ್ಬಳ್ಳಿ:

ಕೂಲಿ ಕೊಟ್ಟು ಮಾಡಿಸುವವರಿಗೆ ನಿಮ್ಮ ಮಾತು ಸರಿ. ಇವರು ಸ್ವತಃ ಬಿಚ್ಚುತ್ತಿದ್ದಾರೆ, ಅಪ್ಪರ್ ಬಾಲ್ ಜಾಯಿಂಟ್ ಚೆನ್ನಾಗಿದೆ. ಆ ದುಡ್ಡನ್ನು ಒಳ್ಳೆಯ ಲೋವರ್ ಆರ್ಮ್ ಮತ್ತು ಎರಡೂ ಬದಿಯ ಶಾಕ್‌ಗಳಿಗೆ ಹಾಕಲಿ ಎಂಬುದು ನನ್ನ ಲೆಕ್ಕ. ಶಾಕ್ ಮತ್ತು ಸ್ಪ್ರಿಂಗ್‌ಗಳನ್ನು ಮಾತ್ರ ಜೋಡಿಯಾಗಿಯೇ ಬದಲಿಸಬೇಕು. 12 ಮಿ.ಮೀ. ತಗ್ಗು ಪೂರ್ತಿಯಾಗಿ ಸ್ಪ್ರಿಂಗಿನದೇ ಎಂದು ಈಗಲೇ ತೀರ್ಮಾನಿಸಬೇಡಿ. ಹೊರತೆಗೆದ ಮೇಲೆ ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ ಎತ್ತರ ನೋಡಿ, ಸುರುಳಿಯ ತುದಿ ಮುರಿದಿದೆಯೇ ನೋಡಿ.

ಇನ್ನು ಬಿಚ್ಚುವ ವಿಚಾರ. ಸ್ಟ್ರಟ್‌ನ (ಸ್ಪ್ರಿಂಗ್ ಮತ್ತು ಶಾಕ್ ಒಟ್ಟಿಗಿರುವ ಜೋಡಣೆಯ) ಮೇಲಿನ ನಡುವಿನ ನಟ್ಟನ್ನು ಸ್ಪ್ರಿಂಗ್ ಕಂಪ್ರೆಸರ್ ಹಾಕದೆ ಮುಟ್ಟಲೇಬೇಡಿ. ಒತ್ತಿಹಿಡಿದ ಸ್ಪ್ರಿಂಗ್ ಬಿಟ್ಟುಕೊಂಡರೆ ಜೀವಕ್ಕೇ ಅಪಾಯ. ಕಂಪ್ರೆಸರ್‌ನ ಎರಡು ಕೊಕ್ಕೆಗಳು ಎದುರುಬದುರು ಇರಬೇಕು, ಎರಡನ್ನೂ ಸ್ವಲ್ಪಸ್ವಲ್ಪವಾಗಿ ಸಮನಾಗಿ ಬಿಗಿಯಬೇಕು. ಒಳ್ಳೆಯ ಕಂಪ್ರೆಸರ್ ಇಲ್ಲದಿದ್ದರೆ ಸ್ಟ್ರಟ್‌ಗಳನ್ನು ಇಡಿಯಾಗಿ ಹೊರತೆಗೆದು ಗ್ಯಾರೇಜಿಗೆ ಒಯ್ಯಿರಿ, ಆ ಒಂದು ಕೆಲಸಕ್ಕೆ ಅಂಗಳ ತಕ್ಕ ಜಾಗವಲ್ಲ. ಛಾಸಿಯ ಕೆಳಗೆ ಸ್ಟ್ಯಾಂಡ್‌ಗಳೇ ಇರಲಿ. ಕಲ್ಲು, ಇಟ್ಟಿಗೆ, ತೆಂಗಿನ ದಿಮ್ಮಿಯ ಮೇಲೆ ನಿಲ್ಲಿಸಿದ ಗಾಡಿಯ ಕೆಳಗೆ ತಲೆ ಹಾಕಬೇಡಿ.

ಬ್ರೇಕ್ ಕ್ಯಾಲಿಪರ್ ತೆಗೆದ ಮೇಲೆ ತಂತಿಯಿಂದ ಮೇಲಕ್ಕೆ ಕಟ್ಟಿ, ಅದರ ಭಾರ ರಬ್ಬರ್ ಪೈಪಿನ ಮೇಲೆ ಬೀಳಬಾರದು. ಎಬಿಎಸ್ ತಂತಿಯ ಕ್ಲಿಪ್‌ಗಳನ್ನು ಮೊದಲೇ ಬಿಡಿಸಿ, ಇಲ್ಲವಾದರೆ ಆರ್ಮ್ ಜೋತುಬಿದ್ದಾಗ ತಂತಿ ಹರಿಯುತ್ತದೆ. ಟೈ ರಾಡ್ ಎಂಡ್ ಬಿಡಿಸಲು ಕವೆಗೋಲಿನಂಥ ಸಾಧನ ಬಡಿದರೆ ರಬ್ಬರ್ ಟೊಪ್ಪಿ ಹರಿಯುತ್ತದೆ. ನಟ್ಟನ್ನು ಕೆಲವು ಸುತ್ತು ಸಡಿಲಿಸಿ, ಪೂರ್ತಿ ತೆಗೆಯದೆ, ನಕಲ್‌ನ ಕಣ್ಣಿನ ಪಕ್ಕಕ್ಕೆ ಸುತ್ತಿಗೆಯಿಂದ ಎರಡು ಗಟ್ಟಿ ಪೆಟ್ಟು ಕೊಟ್ಟರೆ ಕೋನ್ ತಾನೇ ಬಿಡುತ್ತದೆ. ಹೊಸ ಎಂಡ್ ಹಾಕುವಾಗ ಹಳೆಯದು ಎಷ್ಟು ಸುತ್ತು ತಿರುಗಿ ಹೊರಬಂತು ಎಂದು ಎಣಿಸಿಟ್ಟುಕೊಂಡರೆ ಅಲೈನ್‌ಮೆಂಟ್ ಕೇಂದ್ರದವರೆಗೆ ಓಡಿಸುವಷ್ಟು ನೇರ ಸಿಗುತ್ತದೆ. ಬಾಲ್ ಜಾಯಿಂಟ್‌ನ ಕಿರೀಟ ನಟ್ಟನ್ನು ಹೇಳಿದ ಟಾರ್ಕ್‌ಗೆ ಬಿಗಿದ ಮೇಲೆ ಸ್ಪ್ಲಿಟ್ ಪಿನ್‌ನ ತೂತು ಹೊಂದದಿದ್ದರೆ ಇನ್ನಷ್ಟು ಬಿಗಿದು ಹೊಂದಿಸಿ, ಎಂದಿಗೂ ಸಡಿಲಿಸಿ ಅಲ್ಲ. ಟಾರ್ಕ್‌ನ ಅಂಕಿಗಳನ್ನು ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಿಂದಲೇ ತೆಗೆದುಕೊಳ್ಳಿ.

ಕೊನೆಯದಾಗಿ, ಈ ಇಡೀ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವುದು ಇದು. ಆರ್ಮ್‌ಗಳ ಒಳತುದಿಯ ಬುಷ್ ಬೋಲ್ಟುಗಳನ್ನು ಚಕ್ರ ಜೋತಾಡುತ್ತಿರುವಾಗ ಅಂತಿಮವಾಗಿ ಬಿಗಿಯಬೇಡಿ. ಕರಾವಳಿಯವರು ಹೇಳಿದಂತೆ ಬುಷ್‌ನ ಒಳಕೊಳವೆ ಬೋಲ್ಟಿನ ಜೊತೆ ಸ್ಥಿರವಾಗುತ್ತದೆ, ತಿರುಚಿಕೊಳ್ಳುವುದು ರಬ್ಬರು. ಜೋತುಬಿದ್ದ ಸ್ಥಿತಿಯಲ್ಲಿ ಬಿಗಿದು ಗಾಡಿ ಇಳಿಸಿದರೆ ರಬ್ಬರು ನಿಂತಲ್ಲೇ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡಿರುತ್ತದೆ. ಅದರ ಮೇಲೆ ಗುಂಡಿಗಳ ಪೆಟ್ಟು ಬಿದ್ದಾಗ ಇನ್ನೂ ತಿರುಚಿ ಬೇಗ ಹರಿಯುತ್ತದೆ. ‘ಹೊಸ ಬುಷ್ ಒಂದು ವರ್ಷವೂ ಬರಲಿಲ್ಲ, ಮಾಲು ಕಳಪೆ’ ಎಂಬ ದೂರುಗಳಲ್ಲಿ ಎಷ್ಟೋ ಪಾಲು ಹೀಗೆ ಹುಟ್ಟಿದವು. ಬೋಲ್ಟುಗಳನ್ನು ಕೈಬಿಗಿ ಮಾಡಿ, ಚಕ್ರ ಹಾಕಿ, ಗಾಡಿಯನ್ನು ನೆಲಕ್ಕಿಳಿಸಿ, ಮುಂದಿನ ಬಂಪರನ್ನು ಕೆಲವು ಬಾರಿ ಒತ್ತಿ ಕೂರಿಸಿ, ಆಮೇಲೆ ಕೆಳಗೆ ಹೋಗಿ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಜಾಗ ಸಾಲದಿದ್ದರೆ ನಾಲ್ಕೂ ಚಕ್ರಗಳನ್ನು ಒಂದೇ ಎತ್ತರದ ಗಟ್ಟಿ ಹಲಗೆಗಳ ಮೇಲೆ ನಿಲ್ಲಿಸಿಕೊಳ್ಳಿ.

ಹಳೇ_ಕ್ವಾಲಿಸ್:

ಕಾಯಿಲ್ ಬದಲು ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಇರುವ ಕ್ವಾಲಿಸ್, ಟವೇರಾದಂಥ ಗಾಡಿಯವರು ಇದನ್ನು ಓದುತ್ತಿದ್ದರೆ ಒಂದು ಸಣ್ಣ ಸೇರ್ಪಡೆ. ಬಾರ್ ಬಿಚ್ಚುವ ಮುನ್ನ ಅದರ ಎರಡೂ ತುದಿಗೂ ಹಿಡಿಗೂ ಬಣ್ಣದ ಗುರುತು ಹಾಕಿ, ಎತ್ತರದ ಬೋಲ್ಟು ಎಷ್ಟು ಹೊರಗಿದೆ ಎಂದು ಅಳೆದಿಡಿ. ಎಡ ಬಲ ಅದಲುಬದಲಾಗಬಾರದು. ಮುಂಭಾಗ ತಗ್ಗಿದೆ ಎಂದು ಆ ಬೋಲ್ಟನ್ನು ಮನಬಂದಂತೆ ಬಿಗಿಯುವುದರಿಂದ ಎತ್ತರ ಸಿಗುತ್ತದೆ, ಆದರೆ ಚಕ್ರ ಕೆಳಕ್ಕೆ ಇಳಿಯುವ ಜಾಗ ಉಳಿಯದೆ ಗುಂಡಿಗೆ ಬಿದ್ದಾಗಲೆಲ್ಲ ಆರ್ಮ್ ತಡೆಗೆ ಬಡಿಯುತ್ತದೆ.

ಶಿರಸಿ_ಪಿಕಪ್:

ಕೆಲಸ ಮುಗಿಯಿತು. ಎರಡೂ ಲೋವರ್ ಆರ್ಮ್, ಎರಡೂ ಶಾಕ್, ಲಿಂಕ್‌ಗಳು, ಸ್ಟೆಬಿಲೈಸರ್ ಬಾರ್‌ನ ರಬ್ಬರ್‌ಗಳು, ಎರಡೂ ಟೈ ರಾಡ್ ಎಂಡ್ ಮತ್ತು ಬಂಪ್ ಸ್ಟಾಪ್‌ಗಳು ಹೊಸವು. ಅಪ್ಪರ್ ಆರ್ಮ್‌ಗಳನ್ನು ಸದ್ಯಕ್ಕೆ ಮುಟ್ಟಲಿಲ್ಲ. ಸ್ಟ್ರಟ್ ಬಿಚ್ಚಿ ಕಟ್ಟುವುದನ್ನು ಶಿರಸಿಯ ಗ್ಯಾರೇಜಿನಲ್ಲಿ ಮಾಡಿಸಿದೆ. ಸ್ಪ್ರಿಂಗ್‌ಗಳನ್ನು ಪಕ್ಕಪಕ್ಕ ನಿಲ್ಲಿಸಿದಾಗ ಎಡಗಡೆಯದು ಗಿಡ್ಡವಾಗಿತ್ತು, ಕೆಳಗಿನ ಸುರುಳಿಯ ತುದಿ ಬೆರಳುದ್ದ ಮುರಿದಿತ್ತು. ತುಣುಕು ಎಲ್ಲಿ ಬಿತ್ತೋ ಘಟ್ಟಕ್ಕೇ ಗೊತ್ತು. ಹಾಗಾಗಿ ಸ್ಪ್ರಿಂಗ್ ಕೂಡ ಜೋಡಿಯಾಗಿ ಹಾಕಿಸಿದೆ.

ಕರಾವಳಿಯವರು ಎಚ್ಚರಿಸಿದಂತೆಯೇ ಎಡಗಡೆಯ ಹಿಂದಿನ ಬೋಲ್ಟು ಕೊಳವೆಗೆ ಬೆಸೆದುಕೊಂಡಿತ್ತು, ಕತ್ತರಿಸಿಯೇ ತೆಗೆಯಬೇಕಾಯಿತು. ಹೊಸ ಬೋಲ್ಟು ಕೈಯಲ್ಲಿದ್ದದ್ದರಿಂದ ಕೆಲಸ ನಿಲ್ಲಲಿಲ್ಲ. ಹೊಸದಕ್ಕೆ ತುಕ್ಕು ಹಿಡಿಯದಂತೆ ನಡುಭಾಗಕ್ಕೆ ಮಾತ್ರ ತೆಳುವಾಗಿ ಗ್ರೀಸ್ ಸವರಿದ್ದೇನೆ, ನಟ್ಟು ಕೂರುವ ಮರೆಗಳಿಗೆ (ಥ್ರೆಡ್) ಹಚ್ಚಿಲ್ಲ. ಒಳಬೋಲ್ಟುಗಳನ್ನು ಗಾಡಿ ಇಳಿಸಿ, ಹಲಗೆಗಳ ಮೇಲೆ ನಿಲ್ಲಿಸಿ ಬಿಗಿದೆ. ಈಗ ಎರಡೂ ಬದಿಯ ಎತ್ತರದಲ್ಲಿ ವ್ಯತ್ಯಾಸ 2 ಮಿ.ಮೀ.ಗಿಂತ ಕಡಿಮೆ. ಅಲೈನ್‌ಮೆಂಟ್ ನಾಳೆ. ಖಾಲಿ ಗಾಡಿಯಲ್ಲಿ ಮಾಡಿಸಬೇಕೆ, ಹೊರೆ ಹಾಕಿ ಮಾಡಿಸಬೇಕೆ?

ಅಲೈನ್‌ಮೆಂಟ್_ದಾವಣಗೆರೆ:

ಕಂಪನಿ ಕೊಡುವ ಅಂಕಿಗಳು ಸಾಮಾನ್ಯವಾಗಿ ಖಾಲಿ ಗಾಡಿಗೆ ಸಂಬಂಧಿಸಿದವು, ಹಾಗಾಗಿ ಖಾಲಿಯಾಗಿಯೇ ಮಾಡಿಸಿ. ಆದರೆ ಟ್ಯಾಂಕಿನಲ್ಲಿ ಡೀಸೆಲ್ ಇರಲಿ, ಯಾವಾಗಲೂ ಇರುವ ಸಾಮಾನು ಇರಲಿ. ಹೊರೆ ಹಾಕಿದಾಗ ಹಿಂಭಾಗ ತಗ್ಗಿ ಇಡೀ ಛಾಸಿ ಹಿಂದಕ್ಕೆ ವಾಲುವುದರಿಂದ ಕ್ಯಾಸ್ಟರ್ (ಚಕ್ರ ಎಡಬಲ ತಿರುಗುವ ಅಕ್ಷದ ಹಿಂದಿನ ವಾಲು) ತಾನಾಗಿಯೇ ಸ್ವಲ್ಪ ಹೆಚ್ಚುತ್ತದೆ. ಹಿಂದಿನ ಆಕ್ಸಲ್‌ಗಿಂತ ಹಿಂದೆ ಭಾರ ಬಿದ್ದರೆ ಮುಂಭಾಗ ಹಗುರಾಗಿ ಸ್ಟೀರಿಂಗ್ ತೇಲಿದಂತಾಗುತ್ತದೆ. ಅದಕ್ಕೆ ಅಲೈನ್‌ಮೆಂಟ್‌ನಲ್ಲಿ ಮದ್ದಿಲ್ಲ, ಹೊರೆಯನ್ನು ಕ್ಯಾಬಿನ್ ಕಡೆಗೆ ಸರಿಸುವುದೇ ಮದ್ದು.

ಕ್ರಮ ಮಾತ್ರ ತಪ್ಪಬಾರದು: ಮೊದಲು ಕ್ಯಾಸ್ಟರ್ ಮತ್ತು ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದು), ಕೊನೆಗೆ ಟೋ (ಚಕ್ರಗಳ ಮುಂದಂಚು ಹಿಂದಂಚುಗಳ ಅಂತರದ ವ್ಯತ್ಯಾಸ). ಮೊದಲೆರಡನ್ನು ಬದಲಿಸಿದರೆ ಟೋ ಬದಲಾಗುತ್ತದೆ. ಕೆಲವೆಡೆ ಟೋ ಒಂದನ್ನೇ ಸರಿಮಾಡಿ ಕಳಿಸುತ್ತಾರೆ. ಮುಂಚಿನ ಮತ್ತು ನಂತರದ ಅಂಕಿಗಳ ಮುದ್ರಿತ ಚೀಟಿ ಕೇಳಿ ಪಡೆಯಿರಿ. ಒಳ ಅಂಚು ಸವೆದ ಹಳೆಯ ಟೈರುಗಳನ್ನು ಮುಂದೆ ಉಳಿಸಿಕೊಳ್ಳಬೇಡಿ, ಅವು ಗಾಡಿಯನ್ನು ಎಳೆಯುತ್ತವೆ ಮತ್ತು ದೋಷ ಉಳಿದಿದೆ ಎಂಬ ಅನುಮಾನ ಹುಟ್ಟಿಸುತ್ತವೆ.

ಶಿರಸಿ_ಪಿಕಪ್:

ಮಾಡಿಸಿದೆ, ಚೀಟಿಯೂ ಸಿಕ್ಕಿತು. ಮುಂಚಿನ ಅಂಕಿಯಲ್ಲಿ ಎಡಚಕ್ರದ ಕ್ಯಾಂಬರ್ ಒಳಕ್ಕೆ ವಾಲಿದ್ದು ಸ್ಪಷ್ಟವಾಗಿತ್ತು, ಈಗ ಎರಡೂ ಮಿತಿಯೊಳಗಿವೆ. ಅಡಿಕೆ ಹೇರಿಕೊಂಡು ಘಟ್ಟ ಇಳಿದು ಹತ್ತಿದ್ದೂ ಆಯಿತು. ಬ್ರೇಕ್ ಒತ್ತಿದಾಗಿನ ಪೆಟ್ಟು ಇಲ್ಲ, ತಿರುವಿನಿಂದ ಹೊರಬಂದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುತ್ತದೆ.

ಹಾವೇರಿ_ಟ್ರಾಲಿ:

ಹಿರಿಯರೇ, ನನ್ನದೂ ಇದೇ ಬಗೆಯ ಗಾಡಿ, ಎರಡು ಲಕ್ಷ ದಾಟಿದೆ. ಕಟಕಟ ಸದ್ದು ಮಾತ್ರ ಇದೆ. ಟೈರು ಸಮನಾಗಿ ಸವೆಯುತ್ತಿದೆ, ಗಾಡಿ ನೇರ ಹೋಗುತ್ತದೆ. ಇಷ್ಟೆಲ್ಲ ಬಿಚ್ಚಬೇಕೇ?

ಲೇತ್‌ಮನೆ_ಹುಬ್ಬಳ್ಳಿ:

ಬೇಕಿಲ್ಲ ತಮ್ಮಾ. ಲಿಂಕ್ ಕಳಚಿ ಓಡಿಸಿ ನೋಡು. ಸದ್ದು ನಿಂತರೆ ಎರಡು ಲಿಂಕ್ ಮತ್ತು ಬಾರ್‌ನ ರಬ್ಬರ್ ಹಾಕಿ ಮುಗಿಸು, ಅದಕ್ಕೆ ಅಲೈನ್‌ಮೆಂಟ್ ಕೂಡ ಬೇಡ. ಆದರೆ ಗಾಡಿ ಎತ್ತಿದ್ದೇ ಆದರೆ ಜಾಕನ್ನು ಲೋವರ್ ಆರ್ಮ್‌ಗೆ ಕೊಟ್ಟು, ಹಾರೆ ಹಾಕಿ ಬಾಲ್ ಜಾಯಿಂಟ್ ನೋಡಿಯೇ ಇಳಿಸು. ರಬ್ಬರ್ ಟೊಪ್ಪಿ ಹರಿದಿದ್ದರೆ, ಈಗ ಆಟ ಇಲ್ಲದಿದ್ದರೂ, ಮುಂದಿನ ಮಳೆಗಾಲಕ್ಕೆ ಮುಂಚೆ ಆ ಕೀಲನ್ನು ಬದಲಿಸಿಬಿಡು. ಶಿರಸಿಯವರೇ, ನೀವು ಸುಮಾರು ಸಾವಿರ ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟುಗಳಿಗೂ ಒಮ್ಮೆ ಟಾರ್ಕ್ ರೆಂಚ್ ಹಾಕಿ ನೋಡಿ, ಒಳಬೋಲ್ಟುಗಳಿಗೆ ಗಾಡಿ ನೆಲದ ಮೇಲಿದ್ದಾಗಲೇ.